ತಗಿಯೋ, ತಂಗಿಯೋ

ಅಜಿತಣ್ಣ, ಆ ದಿನ ನೀನು ನನ್ನನ್ನು ಬಿಟ್ಟು ಓಡಿಹೋಗಲಿಲ್ಲ. ಗಾಡಿಯೊಳಗೆ ಹೊಕ್ಕು ಬಾಗಿಲು ಭದ್ರ ಮಾಡಿಕೊಂಡವಳು ನಾನು. ನೀನು ಹೊರಗೆ ನಿಂತು ಗಾಜು ಬಡಿದೆ, ನಾನು ತೆಗೆಯಲಿಲ್ಲ. ಅದರ ಸಾಕ್ಷಿ ನಿನ್ನ ಫೋನಿನಲ್ಲೇ ಇತ್ತು — ಅದನ್ನು ನಿನ್ನಿಂದ ಬಚ್ಚಿಟ್ಟವಳೂ ನಾನೇ.

ಈ ಆರು ವರ್ಷಗಳಲ್ಲಿ ಇಷ್ಟನ್ನು ಬರೆಯಲು ಎಷ್ಟು ಸಲ ಕೂತಿದ್ದೇನೋ. ಪ್ರತಿಸಲವೂ ಮೊದಲ ಸಾಲಿನಲ್ಲೇ 'ಗಾಬರಿಯಲ್ಲಿ' ಎಂಬ ಮಾತು ತಾನಾಗಿ ಬಂದು ಕೂರುತ್ತಿತ್ತು. ಅದೊಂದು ಬಂದರೆ ಸಾಕು, ಮುಂದಿನದೆಲ್ಲ ನನ್ನ ಪರವಾಗಿಯೇ ಸಾಗುತ್ತದೆ. ಈ ಸಲ ಅದನ್ನು ಹೊರಗಿಟ್ಟು ಬರೆಯುತ್ತಿದ್ದೇನೆ.

ನಿನಗೆ ಆ ಬೆಳಗಿನ ನೆನಪಿಲ್ಲ. ಮನೆಯಲ್ಲಿ ಚಹಾ ಕುಡಿದದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಸೂರು ನೆನಪಿದೆ, ನಡುವಿನದು ಹೋಗಿದೆ. ಆ ನಡುವಿನದನ್ನು ನಿನಗೆ ಹೇಳಿದವಳು ನಾನೊಬ್ಬಳೇ. ಇನ್ನೊಮ್ಮೆ ಹೇಳುತ್ತೇನೆ, ಕೇಳು.

ಮೇ ತಿಂಗಳ ಸೂಟಿ. ನಾನು ಬೆಳಗಾವಿಯಿಂದ ಖಾನಾಪುರದ ನಿನ್ನ ಮನೆಗೆ ಬಂದಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಿನಗೆ ಒಂದೇ ಹುಚ್ಚು — ನಸುಕಿನಲ್ಲಿ ಕಾಡಿಗೆ ಹೋಗಿ ಹಕ್ಕಿಗಳ ದನಿಯನ್ನು ಫೋನಿನಲ್ಲಿ ತುಂಬಿಕೊಂಡು ಬರುವುದು. ರೆಕಾರ್ಡ್ ಹಚ್ಚಿ ಫೋನನ್ನು ಅಂಗಿಯ ಕಿಸೆಯಲ್ಲಿ ತಲೆಕೆಳಗಾಗಿ ಇಟ್ಟುಕೊಳ್ಳುತ್ತಿದ್ದೆ, ದನಿ ಹಿಡಿಯುವ ತೂತು ಮೇಲೆ ಬರಲೆಂದು. ಮರುದಿನ ತರಗತಿಯಲ್ಲಿ ಅದನ್ನು ಕೇಳಿಸಿದಾಗ ಹುಡುಗರು ಹಕ್ಕಿಯ ಮರಾಠಿ ಹೆಸರು ಕೂಗುತ್ತಿದ್ದರು, ನೀನು ಕನ್ನಡದ ಹೆಸರನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ.

ಹಿಂದಿನ ದಿನ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದೆವು.

"ನಸಿಕಿನ್ಯಾಗ ಏಳತಿಯೇನ ಸುಮ್ಮಿ? ಸೀಟಿ ಹೊಡಿಯೂ ಹಕ್ಕಿ ಕೇಳಸ್ತೀನಿ. ಸಾಲಿ ತಪ್ಪಿಸಿದ ಹುಡುಗ ಹೆಂಗ ಸೀಟಿ ಹೊಡಕೋತ ಹೊಂಟಿರತಾನ, ಥೇಟ್ ಹಂಗ."

"ಕವಳಿ ಹಣ್ಣ ಸಿಗತಾವಂದ್ರ ಏಳತೀನಿ," ಎಂದೆ ನಾನು.

ಒಳಗಿನಿಂದ ನಿನ್ನ ಹೆಂಡತಿ ನಕ್ಕಳು. "ಏಳತಾಳ ತಗೋರಿ. ಕವಳಿ ಹಣ್ಣಂದ್ರ ಕರಡಿನೂ ಏಳತೈತಿ, ಈಕಿನೂ ಏಳತಾಳ. ಎರಡೂ ಒಂದ ಕುಲ!"

ವೈನಿಯ ಆ ನಗು ಈಗಲೂ ಕನಸಿನಲ್ಲಿ ಬರುತ್ತದೆ. ನಗು ಮೊದಲು, ಆಮೇಲೆ ಮಂಜು. ಆ ಬೆಳಗನ್ನು ನಾನು ಕಿವಿಯಿಂದಲೇ ಕಾಣುತ್ತೇನೆ — ಒಣಗಿದ ಎಲೆಗಳ ಮೇಲೆ ನಿನ್ನ ಚಪ್ಪಲಿ, ನನ್ನ ಬಳೆ, ಎಲ್ಲೋ ಹಳ್ಳದ ಕಡೆಯಿಂದ ಆ ಹಕ್ಕಿಯ ಸೀಟಿ. ಅದು ಒಂದು ರಾಗ ಶುರುಮಾಡಿ, ಮರೆತು, ಬೇರೆಯದನ್ನು ಹಿಡಿಯುತ್ತಿತ್ತು. ಬೆಳಕು ಇನ್ನೂ ಬಣ್ಣ ಹಚ್ಚಿಕೊಂಡಿರಲಿಲ್ಲ. ಗಾಡಿಯನ್ನು ಕಾಡಿನ ಅಂಚಿನಲ್ಲಿ ನಿಲ್ಲಿಸಿ ಕೀಲಿಯನ್ನು ಅದರಲ್ಲೇ ಬಿಟ್ಟು ಬಂದಿದ್ದೆ ನೀನು. "ಇಲ್ಲಿ ಯಾರ ಒಯ್ಯವ್ರು?" ಎಂದು ನಕ್ಕಿದ್ದೆ.

ನಾನು ಪೊದೆಯಿಂದ ಕವಳಿ ಹಣ್ಣು ಬಿಡಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದೆ. ಆಚೆಯ ಪೊದೆ ಅಲುಗಿತು. ಗಾಳಿ ಎಂದುಕೊಂಡೆ. ಆಮೇಲೆ ಗಾಳಿಗೆ ಕಪ್ಪು ಕೂದಲಿರುವುದು ಕಂಡಿತು — ಕರಡಿ, ಅದರ ಬೆನ್ನ ಮೇಲೆ ಒಂದು ಮರಿ.

"ಸುಮ್ಮಿ," ಎಂದೆ ನೀನು, ನಿದ್ದೆ ಮಾಡುವ ಕೂಸಿನ ಬಾಜು ಮಾತಾಡಿದಂತೆ. "ಹಣ್ಣ ಕೆಳಗ ಬಿಡು. ಸಾವಕಾಶ ಗಾಡಿ ಕಡೆ ನಡಿ. ಓಡಬ್ಯಾಡ."

ನಾನು ಓಡಿದೆ.

ನಾನು ಓಡಿದ್ದಕ್ಕೇ ಅದು ಬೆನ್ನು ಹತ್ತಿತು. ನೀನು ನಡುವೆ ಹೋಗಿ ನಿಂತು ಚಪ್ಪಾಳೆ ತಟ್ಟಿ "ಹೋಯ್! ಹೋಯ್!" ಎಂದು ಕೂಗಿ ಅದನ್ನು ನಿನ್ನ ಕಡೆ ತಿರುಗಿಸಿಕೊಂಡೆ. ಅಷ್ಟರಲ್ಲಿ ನಾನು ಗಾಡಿಯೊಳಗಿದ್ದೆ. ಗುಂಡಿ ಒತ್ತಿದೆ. ನಾಲ್ಕೂ ಬಾಗಿಲು ಒಮ್ಮೆಗೇ ಟಕ್ ಎಂದವು.

ನೀನು ಬಂದೆ. ಅಂಗೈ ಗಾಜಿಗೆ ಅಂಟಿತ್ತು. ಅದರ ಗೆರೆಗಳು ಕಾಣುತ್ತಿದ್ದವು. ನಿನ್ನ ಹಿಂದೆ ಅದು ಇನ್ನೂ ದೂರವಿತ್ತು — ಇದನ್ನು ಬರೆಯಲೇಬೇಕು, ಇನ್ನೂ ದೂರವಿತ್ತು. ಬಾಗಿಲು ತೆರೆದು, ನಿನ್ನನ್ನು ಒಳಗೆ ಎಳೆದುಕೊಂಡು, ಮತ್ತೆ ಹಾಕಿಕೊಳ್ಳುವಷ್ಟು ಸಮಯವಿತ್ತು. ನನ್ನ ಬೆರಳು ಗುಂಡಿಯ ಮೇಲೇ ಇತ್ತು.

"ಬಾಗಲಾ ತಗಿ, ಸುಮ್ಮಿ."

ನಾನು ನಿನ್ನ ಮುಖ ನೋಡುತ್ತಿದ್ದೆ.

"ಸುಮ್ಮಿ, ತಗಿ!"

ಮೂರನೆಯ ಸಲ ನೀನು ಒಂದೇ ಮಾತು ಹೇಳಿದೆ. ಅದು 'ತಗಿ'ಯೋ 'ತಂಗಿ'ಯೋ — ಗಾಜಿನ ಈಚೆಗೆ ನನಗೆ ತಿಳಿಯಲಿಲ್ಲ. ಆಮೇಲೆ ನೀನು ಗಾಡಿ ಬಿಟ್ಟು ರಸ್ತೆಯ ತಿರುವಿನ ಕಡೆ ಓಡಿದೆ. ಅದೂ ನಿನ್ನ ಹಿಂದೆ ಹೋಯಿತು. ಮುಂದಿನದನ್ನು ನಾನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಸ್ಟೇರಿಂಗಿಗೆ ಹಣೆ ಹಚ್ಚಿದ್ದೆ.

ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬರುತ್ತಿದ್ದ ಇಬ್ಬರು ಹಾರ್ನ್ ಬಾರಿಸಿ ಅದನ್ನು ಓಡಿಸಿದರು. ಅವರು ಕಂಡದ್ದು ತಿರುವಿನಲ್ಲಿ ಬಿದ್ದಿದ್ದ ನಿನ್ನನ್ನು, ದೂರದ ಗಾಡಿಯಲ್ಲಿ ಕೂತಿದ್ದ ನನ್ನನ್ನು. ಅವರಲ್ಲೊಬ್ಬ ಹುಲ್ಲಿನಿಂದ ಫೋನು ಎತ್ತಿ ನನಗೆ ಕೊಟ್ಟ. ಗಾಜು ಒಡೆದಿತ್ತು. ಒಡಕಿನ ಹಿಂದೆ ರೆಕಾರ್ಡಿನ ಕೆಂಪು ಚುಕ್ಕೆ ಇನ್ನೂ ಮಿನುಗುತ್ತಿತ್ತು. ಒತ್ತಿ ನಿಲ್ಲಿಸಿದೆ.

ಆಸ್ಪತ್ರೆಯಲ್ಲಿ ನಿನ್ನ ತಲೆಗೆ ಹೊಲಿಗೆ ಹಾಕುತ್ತಿದ್ದಾಗ ವೈನಿ ಕೇಳಿದಳು. ಅನುಮಾನದಿಂದಲ್ಲ, ಅಳುವಿನ ನಡುವೆ ಸುಮ್ಮನೆ. "ಗಾಡಿ ಅಲ್ಲೇ ಇತ್ತಲ್ಲ ಸುಮ್ಮಿ. ಅವರ್ಯಾಕ ಗಾಡ್ಯಾಗ ಬರಲಿಲ್ಲ?"

"ಅಂಜಿ ಆ ಕಡೆ ಓಡಿಬಿಟ್ಟ, ವೈನಿ."

ಅಷ್ಟೇ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನು. ನನ್ನ ಮಾತನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಆ ಒಂದು ಸಾಲು ಆಸ್ಪತ್ರೆಯಿಂದ ಖಾನಾಪುರಕ್ಕೆ ನಿನಗಿಂತ ಮೊದಲು ಹೋಗಿ ಮುಟ್ಟಿತು. ನೀನು ಎಡಗಿವಿಯ ಕೇಳುವಿಕೆ ಕಳೆದುಕೊಂಡು ಊರಿಗೆ ಮರಳಿದಾಗ ಹುಡುಗರು ನಿನಗೆ ಹೆಸರಿಟ್ಟಾಗಿತ್ತು — ಅಸ್ವಲ್ ಗುರೂಜಿ, ಅಂದರೆ ಮರಾಠಿಯಲ್ಲಿ ಕರಡಿ ಮಾಸ್ತರ. ಅದು ಹುಡುಗರ ಚೇಷ್ಟೆ, ಹೋಗಲಿ. ಚಹಾದಂಗಡಿಯಲ್ಲಿ ನಾನೂ ಬಾಜು ನಿಂತಿದ್ದಾಗಲೇ ಒಬ್ಬ ಕೇಳಿದನಲ್ಲ — "ಏನ್ರಿ ಗುರೂಜಿ, ಮುಂದ ಓಡಿದವರು ನೀವೋ ಕರಡಿಯೋ? ತಂಗಿನರ ಕರಕೊಂಡ ಓಡಬೇಕಿಲ್ರಿ?" ನೀನು ನಕ್ಕು ಬಸಿಗೆ ಸುರುವಿಕೊಂಡ ಚಹಾ ಕುಡಿದೆ. ನಾನೂ ನಕ್ಕೆ.

ಮೂರು ತಿಂಗಳು ನಿನ್ನ ಫೋನನ್ನು ಯಾರೂ ಮುಟ್ಟಲಿಲ್ಲ. ಆ ಮೂರು ತಿಂಗಳು ಅದು ಚಾಲೂ ಆಗದಿರಲಿ, ಅದರ ಬ್ಯಾಟರಿ ಸತ್ತೇ ಹೋಗಲಿ ಎಂದುಕೊಳ್ಳುತ್ತಿದ್ದೆ. ಬಸದಿಗೆ ಹೋದಾಗಲೂ ಅದನ್ನೇ ಬೇಡಿಕೊಂಡೆ. ಆದರೆ ಶ್ರಾವಣದಲ್ಲಿ ನೀನು ಅದಕ್ಕೆ ಹೊಸ ಗಾಜು ಹಾಕಿಸಿದೆ. ಫೋನು ನಡೆಯಿತು, ಆದರೆ ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಅಂಗಡಿಯವನು ಹೇಳಿದನಂತೆ — "ರಿಸೆಟ್ ಹೊಡದ್ರ ಹೊಸಾದರಂಗ ಆಗತೈತ್ರಿ. ಆದ್ರ ಒಳಗಿಂದೆಲ್ಲಾ ಹೋಗತೈತಿ. ಮೊದಲ ಕಂಪ್ಯೂಟರಿಗೆ ತಗದ್ ಇಟ್ಕೋರಿ."

ಹಾಗೆಂದು ನೀನು ಯಾರ ಹತ್ತಿರ ಬಂದೆ! ಬೆಳಗಾವಿಯ ರಾಮತೀರ್ಥ ನಗರದ ನನ್ನ ಮನೆಗೆ, ಮಳೆಯಲ್ಲಿ ತೊಯ್ಯದಂತೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು. "ಎಲ್ಲಾ ತಗದ್ ಇಡು, ಸುಮ್ಮಿ. ಫೋಟೋ ಹ್ವಾದ್ರ ಹೋಗಲಿ. ಹಕ್ಕಿ ಒಂದೂ ಬಿಡಬ್ಯಾಡ."

ಮಧ್ಯಾಹ್ನದ ಊಟವಾಗಿತ್ತು. ನೀನು ಜೋಕಾಲಿಯ ಮೇಲೆ ಅಡ್ಡಾದೆ. ಔಷಧಿಯ ಮಂಪರು. ಕೊಂಡಿಗಳು ನಿಧಾನ ಕಿರುಗುಟ್ಟುತ್ತಿದ್ದವು. ನಾನು ಕೇಬಲ್ ಚುಚ್ಚಿದೆ. ಫೋನು ಕೇಳಿತು, ಚಾರ್ಜ್ ಮಾತ್ರವೋ, ಫೈಲು ಕಳಿಸುವುದೋ. ಫೈಲು ಎಂದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ನಿನ್ನ ಹಳದಿ ಫೋಲ್ಡರುಗಳು ಒಂದೊಂದಾಗಿ ತೆರೆದುಕೊಂಡವು. ರೆಕಾರ್ಡಿಂಗುಗಳಿಗೆ ನೀನೇ ಹೆಸರಿಟ್ಟಿದ್ದೆ — 'ಮರಕುಟಿಗ, ಕೆರಿ ಹತ್ರ', 'ಗೂಬಿ ಇರಬೇಕು', 'ಏನೋ ಗೊತ್ತಿಲ್ಲ, ಛಂದ ಐತಿ'. ಹೆಸರಿಲ್ಲದ್ದು ಒಂದೇ ಇತ್ತು. ಅದಕ್ಕೆ ಫೋನು ತಾನೇ ತಾರೀಖು ಹಾಕಿಕೊಂಡಿತ್ತು.

ಇಯರ್‌ಫೋನು ಹಾಕಿಕೊಂಡು ಕೇಳಿದೆ. ಚಪ್ಪಲಿ, ಬಳೆ, ಸೀಟಿ. ಎಷ್ಟು ಹೊತ್ತು ಆ ಹಕ್ಕಿ! ಹಾಗೇ ಅದರಲ್ಲೇ ಇದ್ದುಬಿಡಬಹುದಿತ್ತು ಅನ್ನಿಸಿತು, ಮುಂದಕ್ಕೆ ಹೋಗದೆ. ಆಮೇಲೆ ಚಪ್ಪಾಳೆ. ನಿನ್ನ ಉಸಿರು. ಅಂಗೈ ಗಾಜಿಗೆ ಬಿದ್ದ ಸದ್ದು. ಬಾಗಲಾ ತಗಿ ಸುಮ್ಮಿ. ಸುಮ್ಮಿ ತಗಿ. ಆ ಮೂರನೆಯದು. ನನ್ನ ಕಡೆಯಿಂದ ಏನೂ ಇಲ್ಲ. ಇಡೀ ರೆಕಾರ್ಡಿಂಗಿನಲ್ಲಿ ನಾನು ಇರುವುದು ಆ ಏನೂ ಇಲ್ಲದ ಜಾಗದಲ್ಲಿ.

"ಆ ದಿನದ್ದೇನರ ಅದ ಏನು?" ಜೋಕಾಲಿಯಿಂದ ನೀನು ಕಣ್ಣು ಮುಚ್ಚಿಕೊಂಡೇ ಕೇಳಿದೆ. "ಹಚ್ಚಿದ್ದೆ ಅನಸತೈತಿ."

ಕೊಂಡಿ ಎರಡು ಸಲ ಕಿರುಗುಟ್ಟಿತು.

"ಇಲ್ಲಣ್ಣ. ಫೋನ್ ಬಿದ್ದಾಗ ಸೇವ್ ಆಗಿಲ್ಲ ಕಾಣಸತೈತಿ."

"ಹೋಗಲಿ ಬಿಡು. ಕೇಳಿ ಏನ ಮಾಡೂದೈತಿ? ಓಡಿದವನ ಹೆಜ್ಜಿ ಸಪ್ಪಳ."

ಅಣ್ಣ, ಆಗ ಇಯರ್‌ಫೋನು ನನ್ನ ಕಿವಿಯಲ್ಲೇ ಇತ್ತು. ಬಿಚ್ಚಿ ನಿನ್ನ ಬಲಗಿವಿಗೆ ಇಟ್ಟಿದ್ದರೆ ಸಾಕಿತ್ತು. ನಾನು ಆ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಿನ್ನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿದೆ. ಹಸಿರು ಪಟ್ಟಿ ತುಂಬುತ್ತ ಹೋಯಿತು. ಆ ಒಂದನ್ನು ಅಳಿಸಲು ಹೋದೆ, ಕೈ ಬರಲಿಲ್ಲ. ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡು ಹೊಲಿಗೆಯ ಗುಂಡಿಗಳ ಡಬ್ಬಿಯಲ್ಲಿ ಹುಗಿದೆ. ಆಮೇಲೆ ರಿಸೆಟ್. 'ಎಲ್ಲವನ್ನೂ ಅಳಿಸಲಾಗುವುದು' ಎಂದು ಎಚ್ಚರಿಸಿ ಫೋನು ನಿನ್ನ ಪಿನ್ ಕೇಳಿತು. ನಿನ್ನನ್ನು ಎಬ್ಬಿಸಿದೆ. ನೀನು ಕಣ್ಣುಜ್ಜಿಕೊಂಡು, ಯಾವುದಕ್ಕೆಂದೂ ಕೇಳದೆ, ನಾಲ್ಕು ಅಂಕಿ ಒತ್ತಿ ಕೊಟ್ಟೆ. ನಿನ್ನ ಧೈರ್ಯವನ್ನು ನಿನ್ನ ಬೆರಳಿನಿಂದಲೇ ಅಳಿಸಿಸಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ.

ಮುಂದಿನ ತಿಂಗಳು ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿ ಬಂತು. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ನಮ್ಮ ಜೈನರು ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ಎಲ್ಲರಂತೆ ನಾನೂ ಒಂದೇ ಸಂದೇಶವನ್ನು ಎಲ್ಲರಿಗೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿ ಮುಗಿಸಿದ್ದೆ. ನೀನು ಮಾತ್ರ ಖಾನಾಪುರದಿಂದ ಬಸ್ಸು ಹಿಡಿದು ಬಂದೆ. ಬಾಗಿಲಲ್ಲೇ ನಿಂತು, ನನಗಿಂತ ಹನ್ನೊಂದು ವರ್ಷ ದೊಡ್ಡವನು, ಕೈಮುಗಿದೆ.

"ಉತ್ತಮ ಕ್ಷಮಾ, ತಂಗಿ. ನಿನ್ನ ಬಿಟ್ಟ ಓಡಿದೆ. ತಿಳದ ಓಡಿದ್ನೋ, ತಿಳೀದ ಓಡಿದ್ನೋ, ಅದೂ ನೆನಪಿಲ್ಲ. ಆದ್ರ ಓಡಿದೆ."

ಮತ್ತು ನಾನು — "ಇರಲಿ ಬಿಡಣ್ಣ. ಆಗಿದ್ದಾತು," ಎಂದೆ.

ನಾನು ನಿನ್ನನ್ನು ಕ್ಷಮಿಸಿದೆ.

ಅಂದಿನಿಂದ ನೀನು ಕಾಡಿಗೆ ಹೋಗಿಲ್ಲ. ಹುಡುಗರನ್ನು ಹೊರಗೆ ಕರೆದೊಯ್ಯುವ ಮಾತು ಬಂದಾಗಲೆಲ್ಲ "ನಾ ಬ್ಯಾಡ, ಬ್ಯಾರೆ ಯಾರನರ ಕಳಸ್ರಿ, ನಾ ಅಂಜಬುರಕ" ಎನ್ನುತ್ತೀಯಂತೆ — ವೈನಿ ಹೇಳಿದಳು. ನಾನು ಜೋಪಾನವಾಗಿ ತುಂಬಿಕೊಟ್ಟ ಆ ಹಾರ್ಡ್‌ಡಿಸ್ಕನ್ನು ನೀನು ಒಮ್ಮೆಯೂ ತೆರೆದಿಲ್ಲವಂತೆ.

ಕಳೆದ ಭಾನುವಾರ ನನ್ನದೇ ಫೋನು ನಿಂತು ನಿಂತು ನಡೆಯತೊಡಗಿತು. ರಿಸೆಟ್ ಮಾಡುವ ಮೊದಲು ಎಲ್ಲ ತೆಗೆದಿಡೋಣವೆಂದು ಲ್ಯಾಪ್‌ಟಾಪಿಗೆ ಹಚ್ಚಿದೆ. ಒಂದೂ ಬಿಡದ ಹಾಗೆ ಎರಡೆರಡು ಸಲ ನೋಡಿದೆ — ಹಳೆಯ ಅಡುಗೆಯ ಫೋಟೋ, ಯಾರದೋ ಮದುವೆಯ ವಿಡಿಯೋ, ಗುಡ್ ಮಾರ್ನಿಂಗ್ ಹೂಗಳು ಕೂಡ. ಹಸಿರು ಪಟ್ಟಿ ತುಂಬುವುದನ್ನು ನೋಡುತ್ತ ಕೂತವಳು ಇದ್ದಕ್ಕಿದ್ದಂತೆ ಎದ್ದು ಗುಂಡಿಗಳ ಡಬ್ಬಿಯನ್ನು ನೆಲದ ಮೇಲೆ ಸುರುವಿದೆ.

ಅದು ಇನ್ನೂ ನಡೆಯುತ್ತದೆ, ಅಣ್ಣ. ಹಕ್ಕಿ ಇನ್ನೂ ಸೀಟಿ ಹೊಡೆಯುತ್ತದೆ. ಆ ಮೂರನೆಯ ಮಾತನ್ನು ಮತ್ತೆ ಮತ್ತೆ ಕೇಳಿದೆ. ಒಮ್ಮೆ ತಗಿ ಅನ್ನಿಸುತ್ತದೆ. ಒಮ್ಮೆ ತಂಗಿ. ನಡುವಿನ ಆ ಒಂದು ಸೊನ್ನೆ ಇದೆಯೋ ಇಲ್ಲವೋ ಆರು ವರ್ಷವಾದರೂ ನನಗೆ ತಿಳಿದಿಲ್ಲ. ನಿನ್ನ ದನಿ ನಿನಗೆ ತಿಳಿಯುತ್ತದೆಯೇನೋ.

ನಾಳೆ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಬರುತ್ತಿದ್ದೇನೆ. ಈ ಕಾಗದವನ್ನೂ ಪೆನ್‌ಡ್ರೈವನ್ನೂ ನಿನ್ನ ಕೈಗೆ ಕೊಡುತ್ತೇನೆ. ನೀನು ಮೊದಲು ಕೇಳು, ಆಮೇಲೆ ವೈನಿಗೆ ಕೇಳಿಸು. ಆ ಚಹಾದಂಗಡಿಗೆ ಹೋಗಿ ಹೇಳುವುದು ನನ್ನ ಕೆಲಸ, ಅದನ್ನು ನಾನೇ ಮಾಡುತ್ತೇನೆ. ಕ್ಷಮಾವಾಣಿಗೆ ಇನ್ನೂ ಬಹಳ ದಿನ ಇದೆ; ಬೇಕೆಂದೇ ಈಗ ಬರುತ್ತಿದ್ದೇನೆ. ಆ ದಿನ ಕ್ಷಮೆ ಕೇಳಿದರೆ ಇಲ್ಲ ಎನ್ನಲು ನಿನಗೆ ಬರುವುದಿಲ್ಲ.

ನೀನು ಒಳಗೆ ಕೇಳುತ್ತಿರುವಷ್ಟು ಹೊತ್ತು ನಾನು ಹೊರಗೆ ಕಟ್ಟೆಯ ಮೇಲೆ ಇರುತ್ತೇನೆ. ಕೇಳಿದ ಮೇಲೆ ನೀನು ಅಗಳಿ ಹಾಕಿಕೊಂಡರೂ ಇರುತ್ತೇನೆ. ತಗಿ ಎಂದು ನಾನು ಬಡಿಯುವುದಿಲ್ಲ.