ಹನ್ನೂರಿನ ಬಾವಿಯ ಮೋಜಣಿ

ಕೊರೊನಾ ಹಾವಳಿ ಇಳಿದ ಮರುವರ್ಷ ನನಗೆ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ವರ್ಗವಾಯಿತು. ಹುದ್ದೆ ಭೂಮಾಪಕಿಯದು. ಹೊಲದ ಗಡಿ ಅಳೆದು ಗುರುತು ಹಾಕುವ ಈ ಕೆಲಸಕ್ಕೆ ನಮ್ಮ ಕಡೆ ಕನ್ನಡ ಮಾತಾಡುವವರೂ ಮರಾಠಿಯ ‘ಮೋಜಣಿ’ ಎಂದೇ ಅನ್ನುತ್ತಾರೆ.

ಆ ತಾಲೂಕಿನ ಹನ್ನೂರಿನಲ್ಲಿ ಗುರುಸಿದ್ಧಪ್ಪ ಮತ್ತು ಶಾಂತಾಬಾಯಿ ಎಂಬ ಇಬ್ಬರ ಹೊಲಗಳು ಅಕ್ಕಪಕ್ಕದಲ್ಲಿದ್ದವು. ಗಡಿಯ ಮೇಲಿದ್ದ ಬಾವಿಗೆ ಮೋಟಾರು ಕೂರಿಸಿ ನೀರುಣಿಸುತ್ತಿದ್ದವರು ಶಾಂತಾಬಾಯಿ. ಆ ಜಾಗ ತಮ್ಮದೆಂದು ಮೋಜಣಿಗೆ ಅರ್ಜಿ ಹಾಕಿದವರು ಗುರುಸಿದ್ಧಪ್ಪ.

ನಾನು ಜೀಪಿನಿಂದ ಇಳಿಯುತ್ತಲೇ ಗುರುಸಿದ್ಧಪ್ಪ ಡ್ರೈವರನನ್ನು ಕೇಳಿದರು: “ಸಾಹೇಬ್ರು ಎಲ್ಲದಾರ? ಈ ಹೆಣಮಗಳು ಏನ್ ಅಳೀತಾಳೋ?”

ಊರ ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಶಾಂತಾಬಾಯಿ ಮಾತ್ರ “ಬಾ ತಂಗಿ, ಬಿಸಲಾಗ ಬಂದೀದಿ” ಎಂದು ಮಜ್ಜಿಗೆ ಕೊಟ್ಟರು. ಮನಸ್ಸು ಯಾವ ಕಡೆ ವಾಲಿತೆಂದು ಹೇಳಬೇಕಿಲ್ಲ.

ರೋವರ್ ಎಂಬ ಯಂತ್ರ ಉಪಗ್ರಹದ ಸಹಾಯದಿಂದ ಅಳೆಯುತ್ತದೆ. ಆದರೆ ಅದನ್ನು ಹಳೆಯ ನಕಾಶೆಗೆ ಹೊಂದಿಸಲು ಹೊಲದಲ್ಲಿ ಅಲುಗಾಡದೆ ಉಳಿದ ಗಡಿಕಲ್ಲು ಬೇಕು. ಹಳ್ಳದ ದಂಡೆಯ ಕಲ್ಲು ಹತ್ತಿರವಿತ್ತು, ಅದರಿಂದಲೇ ಅಳೆದೆ. ಬಾವಿ ಶಾಂತಾಬಾಯಿಯ ಪಾಲಿಗೆ ಬಂತು. ಒಳಗೊಳಗೇ ಖುಷಿಯಾಯಿತು. ಆ ಖುಷಿಯೇ ನನ್ನನ್ನು ಹೆದರಿಸಿತು.

“ಗೊತ್ತಿತ್ತು,” ಗುರುಸಿದ್ಧಪ್ಪ ಗುಡುಗಿದರು. “ನೀವು ಆಕಿ ಕಡಿಯವರ.”

“ಕಾಕಾ, ಆ ಹಳ್ಳದ ಕಲ್ಲಿಂದು ನನಗೂ ಪೂರಾ ಖಾತ್ರಿ ಇಲ್ಲ. ಇಬ್ರೂ ನನ್ನ ಸಂಗಟ ಬರ್ರಿ. ನಿಮ್ಮ ಕಣ್ಣ ಮುಂದನ ಇನ್ನೊಮ್ಮೆ ಅಳೀತೀನಿ,” ಎಂದೆ.

ಮೂರೂ ಮಂದಿ ಉರಿಬಿಸಿಲಲ್ಲಿ ಜೋಳದ ಕೂಳೆ ತುಳಿಯುತ್ತ ಊರಗಡಿಯ ಕಲ್ಲುಗಳ ತನಕ ನಡೆದೆವು. ಪ್ರತಿ ಹೆಜ್ಜೆಗೂ ಏನು ಮಾಡುತ್ತಿದ್ದೇನೆಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಅಲ್ಲಿಯ ಕಲ್ಲುಗಳೆಲ್ಲ ನಕಾಶೆಗೆ ಸರಿಯಾಗಿ ಕೂತವು. ಹಳ್ಳದ ಕಲ್ಲೊಂದೇ ಯಾವುದೋ ನೆರೆಯಲ್ಲಿ ಸರಿದಿತ್ತು. ಊರಗಡಿಯ ಕಲ್ಲುಗಳಿಂದ ಅಳೆದರೆ ಬಾವಿ ಗುರುಸಿದ್ಧಪ್ಪನವರದೇ.

ಹಾಗೆಂದು ಹೇಳುವಾಗ ಶಾಂತಾಬಾಯಿಯ ಮುಖ ನೋಡಲಾಗಲಿಲ್ಲ. ಗುರುಸಿದ್ಧಪ್ಪ ಹಿಗ್ಗುತ್ತಾರೆಂದುಕೊಂಡಿದ್ದೆ. ಅವರು ನನ್ನನ್ನೇ ದಿಟ್ಟಿಸಿದರು.

“ಮುಂಜಾನಿ ನಾ ಅಂದದ್ದು ನೆನಪೈತೇನ್ರಿ?”

“ಐತ್ರಿ.”

“ಮತ್ತ?”

“ಅದು ಕಲ್ಲಿಗೆ ಗೊತ್ತಿಲ್ಲಲ್ರಿ, ಕಾಕಾ.”

ಅವರು ತಲೆಯ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ಆಮೇಲೆ ಶಾಂತಾಬಾಯಿಯ ಕಡೆ ತಿರುಗಿ, “ಮೋಟಾರ ತಗೀಬ್ಯಾಡ. ಒಂದ ದಿನ ನೀ ನೀರ ಹೊಡಿ, ಒಂದ ದಿನ ನಾ ಹೊಡೀತೀನಿ. ಬಾವಿ ನಂದು ಅನ್ನೂದು ಖರೇ ಆತಲ್ಲ, ಅಷ್ಟ ಸಾಕ,” ಎಂದರು.

“ಕರೆಂಟ್ ಹೋದ ದಿನ ಯಾರ ಲೆಕ್ಕಕ್ಕ?” ಶಾಂತಾಬಾಯಿ ಬಿಡಲಿಲ್ಲ. ಅಲ್ಲೇ ಮತ್ತೆ ವಾದ ಹತ್ತಿತು. ಆದರೆ ಅದು ನೀರು ಹಂಚಿಕೊಳ್ಳುವವರ ವಾದ.

ಗುರುಸಿದ್ಧಪ್ಪನವರನ್ನು ನಾನು ಕಡೆಗೂ ಮೆಚ್ಚಲಿಲ್ಲ. ನನ್ನ ಕೆಲಸಕ್ಕೆ ಆ ಮೆಚ್ಚುಗೆ ಬೇಕಾಗಿಯೂ ಇರಲಿಲ್ಲ. ನಮಗೆ ಸೇರದವರ ಜೊತೆಗೂ ನೆಟ್ಟಗೆ ಮಾತಾಡಬೇಕು. ಮನಸ್ಸು ಬಯಸಿದ ಉತ್ತರವೇ ಮೊದಲು ಸಿಕ್ಕರೆ, ಇನ್ನೊಮ್ಮೆ ಅಳೆಯಬೇಕು.