ಕಸ್ತೂರಿಬಾಯಿಯ ಕೂಗು

ಕಸ್ತೂರಿಬಾಯಿಯ ದನಿ ದೊಡ್ಡದು. ಅಫಜಲಪುರದ ಕಡೆಯಿಂದ ಗಂಡ ಮರೆಪ್ಪನ ಜೊತೆ ಮುಂಬಯಿಗೆ ಬಂದವಳು, ಮುಲುಂಡ್‌ನಲ್ಲಿ ಎದ್ದ ಎಷ್ಟೋ ಬಿಲ್ಡಿಂಗುಗಳಿಗೆ ಕಾಂಕ್ರೀಟು ಹೊತ್ತಿದ್ದಳು. ಮಿಕ್ಸರಿನ ಗದ್ದಲದಲ್ಲಿ ಮೇಲಿನ ಮಹಡಿಯವರಿಗೆ ಕೇಳಬೇಕೆಂದರೆ ಕಿರುಚಲೇಬೇಕು. ಮೊಣಕಾಲು ನೋಯತೊಡಗಿದ ಮೇಲೆ ಆ ಕೆಲಸ ಬಿಟ್ಟು ಭಾಂಡುಪ್‌ನ ಒಂದು ಹಳೆಯ ಕಾರ್ಖಾನೆ ಶೆಡ್ಡಿನಲ್ಲಿ ಗುಡಿಸಿ ಒರೆಸುವ ಕೆಲಸ ಹಿಡಿದಳು. ಕಾರ್ಖಾನೆ ಮುಚ್ಚಿ ವರ್ಷಗಳಾಗಿತ್ತು. ಈಗ ಅಲ್ಲಿ ಶೂಟಿಂಗು, ಮದುವೆ, ಹಾಡಿನ ಕಾರ್ಯಕ್ರಮ.

ಒಂದು ಭಾನುವಾರ ಮಧ್ಯಾಹ್ನ ಅಲ್ಲಿ ಸೈಕಡೆಲಿಕ್ ರಾಕ್ ತಂಡವೊಂದು ಹಾಡಲು ಬಂತು. ಜನರ ಎದುರೇ ಹಾಡಿ, ಅದನ್ನೇ ರೆಕಾರ್ಡ್ ಮಾಡಿ ಆಲ್ಬಂ ತರುವುದು ಅವರ ಯೋಚನೆ. ಗಿಟಾರಿನ ಸೃಜನ್ ಉಡುಪಿ ಮೂಲದವನು, ಮುಲುಂಡ್‌ನಲ್ಲೇ ಬೆಳೆದವನು. ಕನ್ನಡ ಅರ್ಥವಾಗುತ್ತಿತ್ತು, ಮಾತಾಡಲು ತಡವರಿಸುತ್ತಿದ್ದ.

ಒಂದೊಂದು ಹಾಡೂ ಮುಗಿಯುವಂತೆ ಕಾಣದೆ ಸುತ್ತಿ ಸುತ್ತಿ ಸಾಗುತ್ತಿತ್ತು. ಕಸ್ತೂರಿಬಾಯಿ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಒಳಗೆ ಬಂದಾಗ ವಾದ್ಯಗಳೆಲ್ಲ ತಗ್ಗಿ, ಒಂದೇ ತಂತಿ ಸಣ್ಣಗೆ ಮಿಡಿಯುತ್ತಿತ್ತು. ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಅಷ್ಟರಲ್ಲಿ ವೇದಿಕೆಯ ಕೆಳಗಿಂದ ಹೊಗೆ ಎದ್ದಿತು. ಅದರ ಮೇಲೆ ಕೆಂಪು ಬೆಳಕು ಬಿತ್ತು.

“ಬೆಂಕಿ ಹತ್ಯಾದ! ಓಡ್ರಿ, ಹೊರಗ ಓಡ್ರಿ!”

ಅವಳ ಕೂಗಿಗೆ ಶೆಡ್ಡಿನ ತಗಡೆಲ್ಲ ನಡುಗಿತು. ಜನರನ್ನು ಸೀಳಿಕೊಂಡು ಓಡಿದ ಅವಳು ಬಕೆಟ್ ಎತ್ತಿ ಸುರಿದೇಬಿಟ್ಟಳು. ಅರ್ಧ ನೀರು ಹೊಗೆ ಬಿಡುವ ಯಂತ್ರಕ್ಕೆ, ಅರ್ಧ ಸೃಜನ್‌ನ ಪ್ಯಾಂಟಿಗೆ. ಇದೂ ಆಟದ ಭಾಗವೆಂದುಕೊಂಡ ಜನ ಓಡುವ ಬದಲು ಚಪ್ಪಾಳೆ ತಟ್ಟಿ ಕೇಕೆ ಹಾಕಿದರು. ಆ ಹುರುಪಿಗೇ ಡ್ರಮ್ಮಿನವನು ಜೋರಾಗಿ ಬಾರಿಸತೊಡಗಿದ. ಹಾಡು ಮತ್ತೆ ಎದ್ದಿತು.

ಕೆಲಸ ಹೋಯಿತೆಂದೇ ತಿಳಿದು ಅವಳು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ಸೃಜನ್ ಒದ್ದೆ ಪ್ಯಾಂಟಿನಲ್ಲೇ ಬಂದ.

“ತಪ್ಪಾತಪ್ಪ. ನಾ ಖರೇ ಬೆಂಕಿ ಅಂದ್ಕೊಂಡೆ.”

“ಮೌಶಿ, ಟೆನ್ಶನ್ ಬೇಡ. ನಿಮ್ಮ ಆವಾಜ್ ರೆಕಾರ್ಡ್ ಆಗಿದೆ. ಹಾಡಲ್ಲೇ ಇಡ್ಬಹುದಾ? ನೀವು ಬೇಡ ಅಂದ್ರೆ... ತೆಗೀತೇವೆ.”

ಅವನು ಅವಳ ಕಿವಿಗೆ ಹೆಡ್‌ಫೋನ್ ಇಟ್ಟ. ತನ್ನ ಕೂಗು ಕೇಳಿದ್ದೇ ಅವಳು ಬೆಚ್ಚಿದಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಂಧೇರಿಯ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಶೀತಲ್‌ಗೆ ಮಾತ್ರ ಸಂಕೋಚ. “ಜನ ನಗ್ತಾರವ್ವಾ.”

“ನಗ್ಲಿ ತಗೋ. ನಾ ಜನರನ್ನ ಉಳಸ್ಲಾಕ ಹೋಗಿದ್ದೆ, ಕದೀಲಾಕ ಅಲ್ಲ. ಖರೇ, ನನ್ನ ಹೆಸರು ಪೂರಾ ಹಾಕ್ಬೇಕು.”

ಹಾಗೇ ಆಯಿತು. ಆಲ್ಬಮ್ಮಿನ ಹೊದಿಕೆಯ ಮೇಲೆ ಗಿಟಾರು, ಡ್ರಮ್ಮಿನವರ ಹೆಸರುಗಳ ಕೆಳಗೆ ‘ಕೂಗು: ಕಸ್ತೂರಿಬಾಯಿ’ ಎಂದು ಅಚ್ಚಾಯಿತು. ಆಲ್ಬಂ ಕೊಂಡ ಹುಡುಗರು ಆ ಹಾಡನ್ನೇ ಮತ್ತೆ ಮತ್ತೆ ಹಾಕಿ ಕೇಳಿದರು.

ಮಳೆಗಾಲ ಕಳೆದ ಮೇಲೆ ಅಂಧೇರಿಯ ಕಾರ್ಯಕ್ರಮಕ್ಕೆ ತಂಡದವರು ಅವಳನ್ನು ಕರೆದೊಯ್ದರು. ಹಾಡು ಆ ಕೂಗಿನ ಜಾಗಕ್ಕೆ ಬಂದಾಗ ಸೃಜನ್ ಮೈಕು ಕೊಟ್ಟ. ಅವಳು ಬೇಡವೆಂದು ತಲೆಯಾಡಿಸಿದಳು.

“ಬೆಂಕಿ ಎಲ್ಲದ? ಸುಳ್ಳ ಹೆಂಗ ಕೂಗ್ಲಿ?” ಎಂದವಳು ಜನರತ್ತ ತಿರುಗಿ ಎದೆ ತುಂಬ ಉಸಿರೆಳೆದಳು. “ಹಿಂದ ಸಣ್ಣ ಹುಡ್ಗ್ಯಾರು ನಿಂತಾರ, ಅವ್ರಿಗೂ ಕಾಣ್ಲಿ! ಜರಾ ಸರೀರಿ!”

ಭಾಷೆ ಬಾರದವರೂ ಸರಿದು ದಾರಿ ಬಿಟ್ಟರು. ಹುಡುಗಿಯರು ನಗುತ್ತ ಮುಂದೆ ಓಡಿಬಂದರು. ಆಫೀಸು ಮುಗಿಸಿ ಬಂದು ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಶೀತಲ್ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.