ನೀರಿಲ್ಲದೆ ಕೈ ತೊಳೆಯುವ ವಿದ್ಯೆ

ಬ್ರೆಡ್ ಫ್ಯಾಕ್ಟರಿಯಲ್ಲಿ ತಮ್ಮನ ಕೆಲಸ ಪೊಟ್ಟಣದ ಬಾಯಿ ಕಟ್ಟುವುದು. ನೆಂಟರ ಮುಂದೆ ಮಾತ್ರ "ಪ್ಯಾಕಿಂಗ್ ವಿಭಾಗ ನೋಡ್ಕೊಳ್ತೀನಿ" ಎನ್ನುತ್ತಿದ್ದ. ವಿಭಾಗವೂ ಅವನೇ, ನೋಡಿಕೊಳ್ಳುವವನೂ ಅವನೇ. ಆ ಜಂಬದಲ್ಲೇ ಮಾಲೀಕರ ಕೈಕಾಲು ಹಿಡಿದು ಅಣ್ಣನಿಗೂ ಅಲ್ಲೇ ಕೆಲಸ ಕೊಡಿಸಿದ.

ಅಣ್ಣನಿಗೆ ಆಟಿಸಂ. ಮಾತು ಕಡಿಮೆ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಮಾಡುವವನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತರಬೇತಿ ಕೇಂದ್ರದಲ್ಲಿ ವರ್ಷಗಟ್ಟಲೆ ಕಲಿತು ಬಂದಿದ್ದ. ತಣ್ಣಗಾದ ಬ್ರೆಡ್ಡುಗಳನ್ನು ಸಾಲಾಗಿ ಜೋಡಿಸುವುದು ಅವನ ಪಾಲಿಗೆ ಬಂತು. ಎಲ್ಲರೂ ಭೇಷ್ ಎಂದರು.

ಒಂದು ದಿನ ಅವನು ಕಕ್ಕಸಿನಿಂದ ಬಂದು ಕೈ ತೊಳೆಯುವುದು ಮಾಲೀಕರ ಕಣ್ಣಿಗೆ ಬಿತ್ತು. ಸೋಪು ಹಿಡಿದು ಅಂಗೈ, ಹಿಂಗೈ, ಬೆರಳಸಂದಿ ಎಲ್ಲವನ್ನೂ ಚೊಕ್ಕವಾಗಿ ಉಜ್ಜಿದ. ಒರೆಸಿಕೊಂಡ. ನಲ್ಲಿಯನ್ನು ಮಾತ್ರ ಮುಟ್ಟಲೇ ಇಲ್ಲ. ಒಣ ಸೋಪು, ಒಣ ಕೈ. ಅದೇ ಕೈಯಲ್ಲಿ ಬ್ರೆಡ್ಡಿನ ಕಡೆ ನಡೆದ.

"ಥೂ! ಏನಯ್ಯಾ ಈ ಹೇಸಿಗೆ?" ಮಾಲೀಕರು ತಮ್ಮನ ಮೇಲೆ ಹರಿಹಾಯ್ದರು. "ಶನಿವಾರದೊಳಗೆ ನೆಟ್ಟಗೆ ಕಲಿಸು. ಅಲ್ಲಿವರೆಗೆ ಬ್ರೆಡ್ ಮುಟ್ಟೋ ಹಾಗಿಲ್ಲ. ಆಗಲ್ಲಾಂದ್ರೆ ಮನೇಲೇ ಇಟ್ಕೋ."

ತಮ್ಮ ಬಾಯಲ್ಲಿದ್ದ ಬ್ರೆಡ್ ಚೂರನ್ನು ಮೆಲ್ಲಗೆ ಅಂಗೈಗೆ ಉಗಿದುಕೊಂಡ. ಮುರಿದ ಬ್ರೆಡ್ಡಿಗೆಲ್ಲ ದಿನಾ ಬಾಯಿ ಹಾಕುತ್ತಿದ್ದವನು ಅವನೇ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಪೈಕಿಯವನಲ್ಲ.

ಸಂಜೆ ತರಬೇತಿ ಕೇಂದ್ರಕ್ಕೆ ಹೋದ. ಅಲ್ಲಿನ ಬೇಸಿನ್ನಿನಲ್ಲಿ ಜೇಡ ಸಂಸಾರ ಹೂಡಿತ್ತು.

"ನಲ್ಲಿ ಕೆಟ್ಟು ಯಾವ ಕಾಲ ಆಯ್ತೋ," ಎಂದರು ಕಲಿಸುವ ಮೇಡಂ. "ಹಾಗಂತ ಪಾಠ ನಿಲ್ಸಕ್ಕಾಗತ್ತಾ?"

"ನೀರೇ ಇಲ್ದೆ ಕೈ ತೊಳೆಯೋದು ಕಲಿಸಿದ್ರಾ?"

"ಉಜ್ಜೋದು ಬಂತಲ್ಲಪ್ಪಾ, ಅದು ಮುಖ್ಯ. ನೀರು ಮನೇಲಿ ಇದ್ದೇ ಇರತ್ತೆ."

ಮನೆಯಲ್ಲಿ ಪ್ರತಿಸಲ ಅಮ್ಮನೇ ನಲ್ಲಿ ತಿರುಗಿಸಿ ಕೊಡುತ್ತಿದ್ದಳು. ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ಮರುದಿನದಿಂದ ಊಟದ ಬಿಡುವಿನಲ್ಲಿ ಫ್ಯಾಕ್ಟರಿಯ ಬೇಸಿನ್ನಿನ ಮುಂದೆ ಪಾಠ.

"ಅಣ್ಣಾ, ಮೊದಲು ನೀರು."

"ಮೊದಲು ಸೋಪು. ಮೇಡಂ ಹೇಳಿದ್ರು."

"ಮೇಡಂ ತಲೆ!"

"ಮೇಡಂ ತಲೆ," ಎಂದು ಅಣ್ಣ ಗಂಭೀರವಾಗಿ ಒಪ್ಪಿಸಿದ.

ನಲ್ಲಿ ಭೋರ್ ಎಂದು ತೋಳಿಗೆಲ್ಲ ಸಿಡಿದರೆ ಅಣ್ಣ ಓಟ ಕೀಳುತ್ತಿದ್ದ. ತಮ್ಮ ಅವನ ಅಂಗಿಯ ತೋಳು ಮಡಚಿದ, ಅವನ ಕೈಯಿಂದಲೇ ನಲ್ಲಿಯನ್ನು ನೂಲಿನಷ್ಟು ಮಾತ್ರ ತಿರುಗಿಸಿದ. ಆಮೇಲೆ ಏನೂ ಹೇಳದೆ ಕಾಯತೊಡಗಿದ. ಬಾಯಿ ಮುಚ್ಚಿಕೊಂಡು ನಿಲ್ಲುವುದು ಅವನ ಪಾಲಿಗೆ ಹೊಸ ವಿದ್ಯೆ.

ಶನಿವಾರ ಮಾಲೀಕರು ಬಂದರು. ಹಿಂದೆಯೇ ಹಿಟ್ಟು ನಾದುವವರು, ಒಲೆಯವರು, ವ್ಯಾನಿನ ಡ್ರೈವರ್, ಎಲ್ಲರೂ ತಮಾಷೆ ನೋಡಲು ನೆರೆದರು. ಅಣ್ಣ ನಲ್ಲಿ ತಿರುಗಿಸಿದ. ಸೋಪು ನೊರೆಯಾಯಿತು. ಕೂಡಲೇ ಎಲ್ಲರೂ ಚಟಪಟ ಚಪ್ಪಾಳೆ ತಟ್ಟಿಬಿಟ್ಟರು. ಅಣ್ಣ ನೊರೆಗೈಯಲ್ಲೇ ಕಿವಿ ಮುಚ್ಚಿಕೊಂಡು ಗೋಡೆಗೆ ತಿರುಗಿ ತೂಗಾಡತೊಡಗಿದ.

"ಇಷ್ಟಕ್ಕೇ ಹೀಗಾದ್ರೆ..." ಎಂದು ಮಾಲೀಕರು ರಾಗ ಎಳೆದರು.

"ಕೋತಿ ಕುಣಿಸ್ತಿದೀವಾ ಇಲ್ಲಿ? ಹೋಗ್ರಪ್ಪಾ ಎಲ್ಲಾ!" ತಮ್ಮ ಅರಚಿದ. ಅರಚಿದ ಮೇಲೆ ಮಾಲೀಕರೂ ಆ 'ಎಲ್ಲಾ'ದಲ್ಲಿ ಸೇರಿದ್ದಾರೆಂದು ಹೊಳೆಯಿತು.

ಮಾಲೀಕರೊಬ್ಬರನ್ನು ಬಿಟ್ಟು ಜನ ಗೊಣಗುತ್ತ ಚದುರಿದರು. ಸದ್ದಡಗಿತು. ಸ್ವಲ್ಪ ಹೊತ್ತಿಗೆ ಅಣ್ಣ ತಾನಾಗಿ ಬೇಸಿನ್ನಿಗೆ ಮರಳಿದ. ಯಾರೂ ಹೇಳದೆ ನಲ್ಲಿ ತಿರುಗಿಸಿ, ಕೈಯನ್ನೂ ಕಿವಿಯನ್ನೂ ತೊಳೆದುಕೊಂಡ.

"ಸರಿ, ಸೋಮವಾರದಿಂದ ಬ್ರೆಡ್ ಮುಟ್ಲಿ," ಎಂದರು ಮಾಲೀಕರು. ಮರುಕ್ಷಣ ವಿಡಿಯೋ ತೆಗೆಯಲು ಮೊಬೈಲ್ ಎತ್ತಿ, "ಇನ್ನೊಂದ್ಸಲ ತೊಳೆಯಕ್ಕೆ ಹೇಳಯ್ಯಾ. ನಮ್ಮ ಕಂಪನಿಗೆ ಒಳ್ಳೇ ಹೆಸರು ಬರತ್ತೆ."

ತಮ್ಮನ ನಾಲಿಗೆ ತುದಿಗೆ ಬೈಗುಳ ಬಂತು. ಇಬ್ಬರ ಕೆಲಸವನ್ನೂ ನೆನೆದು ಅರ್ಧ ನುಂಗಿದ.

"ಕೊಳೆಯಾದಾಗ ತೊಳೀತಾನೆ ಸಾರ್," ಎಂದು ಅಣ್ಣನ ಕೈಗೆ ಟವೆಲ್ ಕೊಟ್ಟ.